ಚಿಕ್ಕಪ್ಪನ ಕ್ಯಾಸೆಟ್: ರೇಡಿಯೋದಿಂದ ಹಿಡಿದದ್ದೋ, ಕಾಪಿಯ ಕಾಪಿಯೋ?

ಪ್ರಶ್ನೆ: ನಮ್ಮ ಚಿಕ್ಕಪ್ಪ 1980ರ ದಶಕದ ಕೊನೆಯಲ್ಲಿ ಬಾಸ್ಟನ್‌ನಲ್ಲಿ ಎಂ.ಎಸ್. ಓದಿದವರು. ಅವರ ಹಳೇ ಸೂಟ್‌ಕೇಸಿನಲ್ಲಿ 90 ನಿಮಿಷದ ಟಿಡಿಕೆ ಕ್ಯಾಸೆಟ್ ಸಿಕ್ಕಿತು. ಮೇಲೆ ಬಾಲ್‌ಪೆನ್ನಿನಲ್ಲಿ 'ಡಬ್ಲ್ಯುಎನ್‌ವೈಯು, ಕ್ರೂಷಿಯಲ್ ಕೇಯಾಸ್, 88' ಅಂತ ಬರೆದಿದೆ. ಕೇಳಿದರೆ ಹಾರ್ಡ್‌ಕೋರ್ ಪಂಕ್, ಅಂದರೆ ಭಾರೀ ವೇಗದ, ಕೂಗಾಟದ ರಾಕ್ ಸಂಗೀತ. ಒಂದೊಂದು ಹಾಡು ಒಂದೇ ನಿಮಿಷ, ನಡುನಡುವೆ ಯಾರೋ ಮಾತಾಡುತ್ತಾರೆ, ನಗುತ್ತಾರೆ. ಚಿಕ್ಕಪ್ಪ "ರೂಮ್‌ಮೇಟ್ ಬಿಟ್ಟುಹೋಗಿದ್ದು ಕಣೋ, ನಾನು ನ್ಯೂಯಾರ್ಕ್‌ನಲ್ಲಿ ಇದ್ದೇ ಇಲ್ಲ" ಅಂತಾರೆ. ಇದು ರೇಡಿಯೋದಿಂದ ನೇರವಾಗಿ ಹಿಡಿದದ್ದಾ, ಕಾಪಿಯ ಕಾಪಿಯಾ? ಕಾಲೇಜು ರೇಡಿಯೋದವರು ಇಂಥ ಬ್ಯಾಂಡುಗಳನ್ನು ಯಾಕೆ ಕರೆಸುತ್ತಿದ್ದರು? ಇಂಥ ಬ್ಯಾಂಡುಗಳ ಆಲ್ಬಂಗಳಿಗಿಂತ ಇದೇ ಜಾಸ್ತಿ ಖಡಕ್ಕಾಗಿ ಕೇಳಿಸುತ್ತದೆ, ಅದು ನನ್ನ ಭ್ರಮೆಯಾ? ಡಿಜಿಟಲ್ ಮಾಡಿ ಇಂಟರ್ನೆಟ್ಟಿಗೆ ಹಾಕಬಹುದಾ?
— ಓದುಗರೊಬ್ಬರು, ಮೈಸೂರು

ಉತ್ತರ: ಭ್ರಮೆ ಅಲ್ಲ, ನಿಮ್ಮ ಕಿವಿ ಸರಿಯಾಗಿಯೇ ಇದೆ. ಆದರೆ ಆ ಕ್ಯಾಸೆಟ್ ಬಾಸ್ಟನ್‌ಗೆ ಹೇಗೆ ಬಂತು ಅನ್ನೋದನ್ನು ಮೊದಲು ನೋಡೋಣ. ಉಳಿದ ಉತ್ತರಗಳು ಅದರ ಬೆನ್ನಿಗೇ ಬರುತ್ತವೆ.

ಡಬ್ಲ್ಯುಎನ್‌ವೈಯು ಅಂದರೆ ನ್ಯೂಯಾರ್ಕ್ ಯೂನಿವರ್ಸಿಟಿಯ ರೇಡಿಯೋ, 89.1 ಎಫ್‌ಎಂ. ಹಾಗಾಗಿ ಲೇಬಲ್ಲಿನ '88' ಇಸವಿಯೇ ಇರಬೇಕು, ತರಂಗಾಂತರ ಅಲ್ಲ. ಆ ತರಂಗಾಂತರವೂ ಪೂರ್ತಿ ಅವರದ್ದಲ್ಲ. ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್ ಯೂನಿವರ್ಸಿಟಿಯ ಕೇಂದ್ರದ ಜೊತೆ ಹೊತ್ತು ಹಂಚಿಕೊಂಡು ನಡೆಸುವ ಏರ್ಪಾಡು. 'ಕ್ರೂಷಿಯಲ್ ಕೇಯಾಸ್' ಅಲ್ಲಿನ ಹಾರ್ಡ್‌ಕೋರ್ ಕಾರ್ಯಕ್ರಮ. ಬ್ಯಾಂಡುಗಳು ಸ್ಟೇಷನ್ನಿಗೇ ಬಂದು ನೇರಪ್ರಸಾರದಲ್ಲಿ ಬಾರಿಸುತ್ತಿದ್ದವು.

ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರ ದಾರಿಯಲ್ಲೇ ಹೋಗುತ್ತದೆ. ಭೂಮಿ ಬಾಗಿದ ಮೇಲೆ ಅದರ ಆಟ ಮುಗಿಯಿತು. ಇಂಥ ಕಾಲೇಜು ಕೇಂದ್ರ 50-60 ಕಿ.ಮೀ. ದೂರ ಚೆನ್ನಾಗಿ ಕೇಳಿಸಿದರೆ ಅದೇ ದೊಡ್ಡದು. ಬಾಸ್ಟನ್ ಇರುವುದು ನ್ಯೂಯಾರ್ಕ್‌ನಿಂದ ಸುಮಾರು 300 ಕಿ.ಮೀ. ಆಚೆ. ಅಂದರೆ ನಿಮ್ಮ ಚಿಕ್ಕಪ್ಪನ ರೂಮ್‌ಮೇಟ್ ಬಾಸ್ಟನ್‌ನ ತನ್ನ ಕೋಣೆಯಲ್ಲಿ ಕೂತು ಇದನ್ನು ಹಿಡಿದಿರಲಿಕ್ಕೆ ಸಾಧ್ಯವೇ ಇಲ್ಲ. ಒಂದೋ ಅವನು ನ್ಯೂಯಾರ್ಕ್‌ನಲ್ಲಿ ಇದ್ದಾಗ ಹಿಡಿದಿರಬೇಕು, ಇಲ್ಲವೇ ಅಂಚೆಯಲ್ಲಿ ತರಿಸಿಕೊಂಡಿರಬೇಕು. ನನ್ನ ಅಂದಾಜು ಎರಡನೆಯದು.

ಯಾಕಂದ್ರೆ ಆಗ ಈ ಸಂಗೀತ ಊರಿಂದ ಊರಿಗೆ ಹೋಗುತ್ತಿದ್ದದ್ದೇ ಅಂಚೆಯಲ್ಲಿ. ತಮ್ಮ ಹತ್ತಿರ ಯಾವ ಯಾವ ರೆಕಾರ್ಡಿಂಗ್ ಇದೆ ಅಂತ ಹುಡುಗರು ಟೈಪ್ ಮಾಡಿ, ಜೆರಾಕ್ಸ್ ತೆಗೆದು, ಪಟ್ಟಿ ಹಂಚುತ್ತಿದ್ದರು. ಪಂಕ್ ಪತ್ರಿಕೆಗಳ ಹಿಂದಿನ ಪುಟಗಳಲ್ಲಿ ಸಣ್ಣ ಜಾಹೀರಾತು. ದುಡ್ಡಿನ ವ್ಯವಹಾರ ಕಡಿಮೆ. ಸಮಸಮ ಬದಲಾವಣೆ, ಇಲ್ಲದಿದ್ದರೆ ಎರಡು ಖಾಲಿ ಕ್ಯಾಸೆಟ್ ಕಳಿಸಿದರೆ ಒಂದರಲ್ಲಿ ತುಂಬಿಸಿ ವಾಪಸ್, ಇನ್ನೊಂದು ತುಂಬಿಸಿದವನಿಗೆ. ಅಂಚೆಚೀಟಿಯ ಮೇಲೆ ಸೋಪು ಇಲ್ಲವೇ ಗೋಂದು ತೆಳ್ಳಗೆ ಸವರಿ ಕಳಿಸುವ ಚಾಳಿಯೂ ಇತ್ತು. ಮುದ್ರೆಯ ಮಸಿ ಆ ಪದರದ ಮೇಲೆ ಕೂರುತ್ತಿತ್ತು, ಚೀಟಿಯನ್ನು ನೀರಲ್ಲಿ ತೊಳೆದು ಮತ್ತೆ ಅಂಟಿಸುತ್ತಿದ್ದರು. ಕಾನೂನಿನ ಪ್ರಕಾರ ತಪ್ಪೇ. ಆದರೂ ಪತ್ರದ ಕೊನೆಯಲ್ಲಿ "ಚೀಟಿ ವಾಪಸ್ ಕಳಿಸು" ಅಂತ ಬರೆಯುವುದು ಆ ವಲಯದಲ್ಲಿ ಮಾಮೂಲಿ.

ಈಗ ಕಾಲೇಜು ರೇಡಿಯೋ ವಿಚಾರ. ನಮ್ಮ ದೇಶದಲ್ಲಿ ಕ್ಯಾಂಪಸ್ ರೇಡಿಯೋ ಮೊದಲು ಶುರುವಾದದ್ದು 2004ರಲ್ಲಿ, ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ. ಹಾಗಾಗಿ ಆಕಾಶವಾಣಿ ಕೇಳಿ ಬೆಳೆದ ನಮ್ಮಂಥವರಿಗೆ, ಇಪ್ಪತ್ತು ವರ್ಷದ ಹುಡುಗರ ಕೈಗೆ ಒಂದು ಪ್ರಸಾರ ಕೇಂದ್ರ ಕೊಟ್ಟು ರಾತ್ರಿ ಬಾಗಿಲು ಹಾಕಿಕೊಂಡು ಹೋಗುವುದು ವಿಚಿತ್ರವಾಗಿ ಕಾಣಬಹುದು. ಅಮೆರಿಕದಲ್ಲಿ ಅದಕ್ಕೆ ಕಾನೂನೇ ಜಾಗ ಮಾಡಿಕೊಟ್ಟಿತ್ತು. ಎಫ್‌ಎಂ ಪಟ್ಟಿಯಲ್ಲಿ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಭಾಗ ಜಾಹೀರಾತಿಲ್ಲದ ಶೈಕ್ಷಣಿಕ ಕೇಂದ್ರಗಳಿಗೆ ಮೀಸಲು. 1948ರಿಂದ ಬರೀ 10 ವ್ಯಾಟ್‌ಗೂ ಪರವಾನಗಿ ಕೊಡುತ್ತಿದ್ದರು. ಬಲ್ಬಿನಷ್ಟು ವಿದ್ಯುತ್ತಿನಲ್ಲಿ ಒಂದು ಕ್ಯಾಂಪಸ್ಸು, ಅದರ ಸುತ್ತಲ ನಾಲ್ಕು ಬೀದಿ. 1978ರಲ್ಲಿ ಎಫ್‌ಸಿಸಿ ಅನ್ನೋ ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ ಹೊಸ ನಿಯಮ ತಂದಿತು. ಕನಿಷ್ಠ 100 ವ್ಯಾಟ್‌ಗೆ ಏರಿ, ಇಲ್ಲದಿದ್ದರೆ ನಿಮ್ಮ ತರಂಗಾಂತರಕ್ಕೆ ರಕ್ಷಣೆ ಇಲ್ಲ ಅಂತ. ಸಣ್ಣ ಕೇಂದ್ರಗಳನ್ನು ಬದಿಗೆ ಸರಿಸುವ ನಿಯಮ ಅದು. ಆದರೆ ಎಷ್ಟೋ ಕಾಲೇಜುಗಳು ಹೇಗೋ ದುಡ್ಡು ಹೊಂದಿಸಿ ಶಕ್ತಿ ಹೆಚ್ಚಿಸಿಕೊಂಡವು. ಹಾರ್ಡ್‌ಕೋರ್ ಹುಟ್ಟಿದ್ದು ಸರಿಯಾಗಿ ಆ ಹೊತ್ತಿಗೆ. ಕ್ಯಾಂಪಸ್ಸಿನ ಗೋಡೆಯೊಳಗೆ ಇದ್ದ ದನಿ ಊರಿಗೆಲ್ಲ ಕೇಳಿಸತೊಡಗಿದ ಹೊತ್ತು ಅದು.

ಅದಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ತಮಾಷೆಯ ಉದಾಹರಣೆ ನಿಮ್ಮ ಚಿಕ್ಕಪ್ಪ ಇದ್ದ ಊರಿನ ಪಕ್ಕದಲ್ಲೇ ಇದೆ. ಕೇಂಬ್ರಿಜ್‌ನ ಎಂಐಟಿ ವಿದ್ಯಾರ್ಥಿಗಳ ಕೇಂದ್ರದ ಹೆಸರು ಮೊದಲು ಡಬ್ಲ್ಯುಟಿಬಿಎಸ್. ಟಿವಿ ಉದ್ಯಮಿ ಟೆಡ್ ಟರ್ನರ್‌ಗೆ ತನ್ನ ವಾಹಿನಿಗೆ ಅದೇ ಅಕ್ಷರಗಳು ಬೇಕಾಗಿದ್ದವು. ಕೇಂದ್ರಕ್ಕೆ 50,000 ಡಾಲರ್ ಕೊಟ್ಟ. ಹುಡುಗರು 1979ರಲ್ಲಿ ಹೆಸರು ಬಿಟ್ಟುಕೊಟ್ಟು, ಆ ದುಡ್ಡನ್ನು ಉಪಕರಣಕ್ಕೆ ಹಾಕಿ, ಡಬ್ಲ್ಯುಎಂಬಿಆರ್ ಅಂತ ಹೊಸ ಹೆಸರು ಇಟ್ಟುಕೊಂಡರು. 'ವಾಕರ್ ಮೆಮೋರಿಯಲ್ ಕಟ್ಟಡದ ನೆಲಮಾಳಿಗೆಯ ರೇಡಿಯೋ' ಅನ್ನೋದರ ಮೊದಲಕ್ಷರಗಳು ಅವು. ಟರ್ನರ್ ಕೊಟ್ಟ ದುಡ್ಡಿನಿಂದ ನಿಂತ ಕೇಂದ್ರದಲ್ಲಿ ಮುಂದೆ ಬೆಳಗ್ಗೆ ಬೆಳಗ್ಗೆಯೇ ಪಂಕ್ ಹಾಕುತ್ತಿದ್ದರು.

ಕಾಲೇಜಿನವರು ಬ್ಯಾಂಡುಗಳನ್ನು ಯಾಕೆ ಕರೆಸುತ್ತಿದ್ದರು ಅಂತ ಕೇಳಿದ್ದೀರಿ. ಕಾಲೇಜಿನ ಆಡಳಿತ ಕರೆಸುತ್ತಿರಲಿಲ್ಲ, ಕೇಂದ್ರ ನಡೆಸುವ ಹುಡುಗರೇ ಕರೆಸುತ್ತಿದ್ದರು, ಅದನ್ನು ಮೊದಲು ತಿಳಿದುಕೊಳ್ಳಿ. ಎಷ್ಟೋ ಕಡೆ ಆಡಳಿತಕ್ಕೆ ತಮ್ಮ ಕೇಂದ್ರದಲ್ಲಿ ರಾತ್ರಿ ಏನು ನಡೆಯುತ್ತದೆ ಅಂತಲೇ ಗೊತ್ತಿರಲಿಲ್ಲ. ಗೊತ್ತಾದಾಗ ಏನಾಗುತ್ತಿತ್ತು ಅನ್ನೋದಕ್ಕೆ ವಾಷಿಂಗ್ಟನ್ನಿನ ಕಥೆ ಹೇಳಬೇಕು.

ಅಲ್ಲಿನ ಜಾರ್ಜ್‌ಟೌನ್ ಯೂನಿವರ್ಸಿಟಿ ಜೆಸ್ಯೂಟ್ ಪಾದ್ರಿಗಳ ಸಂಸ್ಥೆ. ಅದರ ಕೇಂದ್ರ ಡಬ್ಲ್ಯುಜಿಟಿಬಿ, 90.1 ಎಫ್‌ಎಂ. 1970ರ ದಶಕದಲ್ಲಿ ಇಡೀ ಊರಲ್ಲೇ ಅತಿ ಎಡಪಂಥೀಯ ರೇಡಿಯೋ ಅದು. ಸಲಿಂಗಿಗಳ ಕಾರ್ಯಕ್ರಮ, ಗರ್ಭಪಾತದ ಸಲಹಾ ಕೇಂದ್ರಗಳ ಪ್ರಕಟಣೆ, ನಡುವೆ ಬೇರೆಲ್ಲೂ ಕೇಳಿಸದ ಸಂಗೀತ. ಪಾದ್ರಿಗಳಿಗೆ ಇದು ಹೇಗೆ ಹಿಡಿಸೀತು? ಯೂನಿವರ್ಸಿಟಿಯ ಅಧ್ಯಕ್ಷ ಫಾದರ್ ಟಿಮೊತಿ ಹೀಲಿ ಕಡೆಗೆ ಕೇಂದ್ರವನ್ನೇ ಕೈಬಿಡಲು ತೀರ್ಮಾನಿಸಿದರು. ಪರವಾನಗಿಯನ್ನು ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ ಯೂನಿವರ್ಸಿಟಿಗೆ ದಾಟಿಸಿದರು. ಬೆಲೆ 1 ಡಾಲರ್. 1979ರ ಜನವರಿ ಕೊನೆಗೆ ಡಬ್ಲ್ಯುಜಿಟಿಬಿ ಬಾಯಿ ಮುಚ್ಚಿತು.

ಕೆಲವೇ ದಿನಗಳಲ್ಲಿ, ಫೆಬ್ರವರಿ 3ರಂದು, ಕೇಂದ್ರದ ಪರವಾಗಿ ಅದೇ ಕ್ಯಾಂಪಸ್ಸಿನ ಹಾಲ್ ಆಫ್ ನೇಷನ್ಸ್‌ನಲ್ಲಿ ಒಂದು ಕಾರ್ಯಕ್ರಮ ನಡೆಯಿತು. ಬ್ಯಾಂಡು ದಿ ಕ್ರಾಂಪ್ಸ್. ಹಾಲಿಗೆ ಹಿಡಿಸದಷ್ಟು ಜನ. ಬಂದವರಲ್ಲಿ ಇಯಾನ್ ಮೆಕೈ ಅನ್ನೋ 16 ವರ್ಷದ ಹುಡುಗನೂ ಒಬ್ಬ. ಅವನು ನೋಡಿದ ಮೊದಲ ಪಂಕ್ ಕಾರ್ಯಕ್ರಮ ಅದು. ಅದೇ ವರ್ಷ ಗೆಳೆಯರ ಜೊತೆ ಟೀನ್ ಐಡಲ್ಸ್ ಬ್ಯಾಂಡು ಕಟ್ಟಿದ. 1980ರಲ್ಲಿ ಅದರ ರೆಕಾರ್ಡ್ ತರಲಿಕ್ಕೆ ಡಿಸ್ಕಾರ್ಡ್ ಅನ್ನೋ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಆಮೇಲೆ ಮೈನರ್ ಥ್ರೆಟ್ ಬ್ಯಾಂಡು. ಅಮೆರಿಕದ ಹಾರ್ಡ್‌ಕೋರ್ ಅಂದಾಗ ಈಗಲೂ ಮೊದಲು ಬರುವ ನಾಲ್ಕೈದು ಹೆಸರುಗಳಲ್ಲಿ ಇವು ಸೇರಿವೆ. ಕೇಂದ್ರ ಉಳಿಯಲಿಲ್ಲ, ನಿಜ. ಆದರೆ ಒಂದು ರೇಡಿಯೋವನ್ನು ಮುಚ್ಚಿದ್ದರಿಂದ ಒಂದು ಇಡೀ ಪೀಳಿಗೆ ಒಂದೇ ಹಾಲಿನಲ್ಲಿ ಕೂಡಿತು. ಇನ್ನೊಂದು ಮಾತು: 1 ಡಾಲರ್‌ಗೆ ಕೈಬಿಟ್ಟ ಆ ಪರವಾನಗಿಯನ್ನು 1997ರಲ್ಲಿ ಸಿ-ಸ್ಪ್ಯಾನ್ ವಾಹಿನಿ ಕೊಂಡಿತು, 1 ಕೋಟಿ 30 ಲಕ್ಷ ಡಾಲರ್‌ಗೆ.

ನ್ಯೂಯಾರ್ಕ್‌ನಲ್ಲಿ ಮುಚ್ಚುವ ಗಲಾಟೆ ಆಗಲಿಲ್ಲ. ಡಬ್ಲ್ಯುಎನ್‌ವೈಯುನಲ್ಲಿ 1981ರ ಸುಮಾರಿಗೇ ಟಿಮ್ ಸೊಮ್ಮರ್ 'ನಾಯ್ಸ್ ದಿ ಶೋ' ಅನ್ನೋ ಪುಟ್ಟ ಕಾರ್ಯಕ್ರಮದಲ್ಲಿ ಹಾರ್ಡ್‌ಕೋರ್ ಹಾಕುತ್ತಿದ್ದರು. ಆ ಜಾಡಿನಲ್ಲೇ ಮುಂದೆ ಕ್ರೂಷಿಯಲ್ ಕೇಯಾಸ್ ಬಂತು. ಭಾನುವಾರ ಮಧ್ಯಾಹ್ನ ಸಿಬಿಜಿಬಿ ಕ್ಲಬ್ಬಿನಲ್ಲಿ ಯಾವ ವಯಸ್ಸಿನವರಾದರೂ ಬರಬಹುದಾದ ಹಾರ್ಡ್‌ಕೋರ್ ಕಾರ್ಯಕ್ರಮ, ವಾರದ ನಡುವೆ ರಾತ್ರಿ ಈ ರೇಡಿಯೋ. ಊರಿಗೆ ಇವೆರಡು ಸಾಕಾಗಿತ್ತು.

ಇಲ್ಲಿ ಹಾಡು ಮಾತ್ರ ನಡೆಯುತ್ತಿರಲಿಲ್ಲ. 1990ರಲ್ಲಿ ಅದೇ ಕಾರ್ಯಕ್ರಮದಲ್ಲಿ ಸಿಕ್ ಆಫ್ ಇಟ್ ಆಲ್ ಮತ್ತು ಬಾರ್ನ್ ಅಗೇನ್‌ಸ್ಟ್ ಬ್ಯಾಂಡುಗಳು ಎದುರುಬದುರು ಕೂತು ಜಗಳವಾಡಿದವು. ಮೊದಲನೆಯವರು ದೊಡ್ಡ ವಿತರಣೆ ಇರುವ ಕಂಪನಿಯ ಲೇಬಲ್ಲಿನಲ್ಲಿ ರೆಕಾರ್ಡ್ ತಂದಿದ್ದರು. ಎರಡನೆಯವರಿಗೆ ಅದು ಬೆನ್ನಿಗೆ ಚೂರಿ ಹಾಕಿದಂತೆ. ನಮ್ಮ ಹಾಡು ಹೆಚ್ಚು ಹುಡುಗರಿಗೆ ತಲುಪಿದರೆ ಏನು ತಪ್ಪು ಅಂತ ಇವರು, ಯಾರ ದುಡ್ಡಿನಲ್ಲಿ ತಲುಪಿಸುತ್ತಿದ್ದೀರಿ ನೋಡಿಕೊಳ್ಳಿ ಅಂತ ಅವರು. ಆ ಪ್ರಸಾರದ ಕ್ಯಾಸೆಟ್ ಹಾಡಿನ ಕ್ಯಾಸೆಟ್‌ನಷ್ಟೇ ಕೈಯಿಂದ ಕೈಗೆ ಓಡಾಡಿತು. ವಾಣಿಜ್ಯ ರೇಡಿಯೋದಲ್ಲಿ ಇಂಥ ಜಗಳಕ್ಕೆ ಐದು ನಿಮಿಷವೂ ಸಿಗುತ್ತಿರಲಿಲ್ಲ. ಜಾಹೀರಾತಿಗೆ ಹೊತ್ತಾಗುತ್ತಿತ್ತು.

ಸ್ವಾತಂತ್ರ್ಯಕ್ಕೂ ಮಿತಿ ಇತ್ತು ಅನ್ನಿ. 1987ರ ಏಪ್ರಿಲ್‌ನಲ್ಲಿ ಎಫ್‌ಸಿಸಿ ಅಶ್ಲೀಲದ ವಿಚಾರದಲ್ಲಿ ಮೂರು ಕೇಂದ್ರಗಳ ಮೇಲೆ ಒಟ್ಟಿಗೆ ಕಣ್ಣು ಕೆಂಪು ಮಾಡಿತು. ಅವುಗಳಲ್ಲಿ ಒಂದು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಕೆಸಿಎಸ್‌ಬಿ. ಮಾಡಿದ ಅಪರಾಧ, ರಾತ್ರಿ 10ರ ಮೇಲೆ ಬ್ರಿಟನ್ನಿನ ಒಂದು ಪಂಕ್ ಬ್ಯಾಂಡಿನ ಪೋಲಿ ಹಾಡು ಹಾಕಿದ್ದು. ಅಲ್ಲಿಯವರೆಗೆ ರಾತ್ರಿ 10 ಆದರೆ ನಡೆಯುತ್ತದೆ ಅಂತಿದ್ದ ಕೇಂದ್ರಗಳಿಗೆ ಬಿಸಿ ಮುಟ್ಟಿತು. ನಿಮ್ಮ ಕ್ಯಾಸೆಟ್ 1988ರದ್ದಾದರೆ ಒಂದು ಗಮನಿಸಿ. ಹಾಡುಗಾರ ಬೈಗುಳದ ಜಾಗದಲ್ಲಿ ಬೇರೇನೋ ಹೇಳಿ ನುಂಗುವುದು, ಇಲ್ಲವೇ ಆರ್‌ಜೆ "ಹುಷಾರು, ಗಾಳಿಯಲ್ಲಿದ್ದೀವಿ" ಅಂತ ಎಚ್ಚರಿಸುವುದು ಸಿಗಬಹುದು. ಆಲ್ಬಂನಲ್ಲಿರುವ ಸಾಲಿಗೂ ರೇಡಿಯೋದಲ್ಲಿ ಹಾಡಿದ ಸಾಲಿಗೂ ವ್ಯತ್ಯಾಸ ಬರುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಈಗ ನಿಮ್ಮ ಕಿವಿಗೆ ಕೇಳಿಸಿದ ಖಡಕ್ಕಿನ ವಿಚಾರ.

ಈ ಬ್ಯಾಂಡುಗಳ ಲೈವ್ ಧ್ವನಿ ಮೂರು ರೀತಿಯಲ್ಲಿ ಸಿಗುತ್ತದೆ. ಜನರ ನಡುವೆ ನಿಂತು ಯಾರೋ ಪುಟ್ಟ ರೆಕಾರ್ಡರ್ ಎತ್ತಿ ಹಿಡಿದದ್ದು ಒಂದು. ಅದರಲ್ಲಿ ಹಾಲಿನ ಗದ್ದಲ ಇದೆ, ಮೈ ಜುಮ್ಮೆನ್ನುತ್ತದೆ, ಆದರೆ ಹಾಡು ಯಾವುದು ಅಂತ ಗೊತ್ತಾಗೋದೇ ಕಷ್ಟ. ಇನ್ನೊಂದು ಕ್ಲಬ್ಬಿನ ಮಿಕ್ಸರಿನಿಂದ ತಂತಿ ಎಳೆದು ಹಿಡಿದದ್ದು. ಇದನ್ನು ಸೌಂಡ್‌ಬೋರ್ಡ್ ಟೇಪು ಅಂತಾರೆ, ಇದೇ ಅತ್ಯುತ್ತಮ ಅಂತ ತುಂಬ ಜನ ನಂಬಿದ್ದಾರೆ. ಸಣ್ಣ ಕ್ಲಬ್ಬಿನ ಮಟ್ಟಿಗೆ ಈ ನಂಬಿಕೆ ತಪ್ಪು. ನಮ್ಮ ಮದುವೆಮನೆಯಲ್ಲಿ ಪುರೋಹಿತರ ಮುಂದೆ ಮೈಕು ಇಡುತ್ತಾರೆ, ಡೋಲು-ನಾದಸ್ವರಕ್ಕೆ ಯಾರೂ ಇಡುವುದಿಲ್ಲ, ಅವು ಹಾಗೇ ಬೀದಿಗೆಲ್ಲ ಕೇಳಿಸುತ್ತವೆ. ಆ ಮೈಕಿನ ತಂತಿಯಿಂದ ರೆಕಾರ್ಡ್ ಮಾಡಿದರೆ ಮಂತ್ರ ಕಿವಿಯಲ್ಲೇ, ಡೋಲು ಪಕ್ಕದೂರಿನಲ್ಲಿ. ಹಾರ್ಡ್‌ಕೋರ್ ಕ್ಲಬ್ಬಿನಲ್ಲೂ ಅಷ್ಟೇ. ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ ತಾನೇ ಕಿವಿ ಹರಿಯುವಷ್ಟು ಜೋರು. ಮಿಕ್ಸರಿಗೆ ಬರುವುದು ಹಾಡುಗಾರನ ಮೈಕು, ಹೆಚ್ಚೆಂದರೆ ದೊಡ್ಡ ಡ್ರಮ್ಮಿನದೊಂದು. ಟೇಪಿನಲ್ಲಿ ಕೂಗು ಮುಂದೆ, ಗಿಟಾರು ಸೊಳ್ಳೆಯ ಸದ್ದು.

ಅಪವಾದಗಳಿವೆ. ಮಿನಿಯಾಪೊಲಿಸ್‌ನ ಹಸ್ಕರ್ ಡೂ 1981ರ ಆಗಸ್ಟ್ 15ರಂದು ತಮ್ಮೂರಿನ ಸೆವೆಂತ್ ಸ್ಟ್ರೀಟ್ ಎಂಟ್ರಿ ಕ್ಲಬ್ಬಿನಲ್ಲಿ ಬಾರಿಸಿದ್ದನ್ನು ಎರಡೇ ಟ್ರ್ಯಾಕಿನಲ್ಲಿ ಹಿಡಿದು, 'ಲ್ಯಾಂಡ್ ಸ್ಪೀಡ್ ರೆಕಾರ್ಡ್' ಅಂತ ತಮ್ಮ ಮೊದಲ ಆಲ್ಬಂ ಆಗಿಯೇ ಬಿಟ್ಟರು. 17 ಹಾಡು, ಅರ್ಧ ಗಂಟೆಗೂ ಕಡಿಮೆ. ಧ್ವನಿ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಆದರೆ ಆ ವೇಗವನ್ನು ಸ್ಟುಡಿಯೋದಲ್ಲಿ ಹಿಡಿಯುವುದು ಆಗದ ಮಾತು.

ಮೂರನೆಯದು ನಿಮ್ಮ ಕೈಯಲ್ಲಿರುವಂಥದ್ದು, ರೇಡಿಯೋ ಕೇಂದ್ರದ ಕೋಣೆಯಲ್ಲಿ ಬಾರಿಸಿದ್ದು. ಅಲ್ಲಿ ಕೇಳುಗರ ಹಾಲೇ ಇಲ್ಲ. ಕೇಳುಗ ಇರುವುದು ಎಲ್ಲೋ ತನ್ನ ರೇಡಿಯೋ ಮುಂದೆ. ಹಾಗಾಗಿ ಗಿಟಾರಿಗೆ, ಬೇಸಿಗೆ, ಡ್ರಮ್ಮಿಗೆ ಎಲ್ಲಕ್ಕೂ ಮೈಕು ಇಡಲೇಬೇಕು, ಇಲ್ಲದಿದ್ದರೆ ಏನೂ ಪ್ರಸಾರ ಆಗುವುದಿಲ್ಲ. ಎಲೆಕ್ಟ್ರೋ-ವಾಯ್ಸ್ ಕಂಪನಿಯ ಆರ್‌ಇ20 ಅಂತ ಒಂದು ಮೈಕಿದೆ. ರೇಡಿಯೋದಲ್ಲಿ ಮಾತಾಡುವವರ ಮುಂದೆ ಇರುವ ದಪ್ಪನೆಯ ಮೈಕು ಅದು. ದೊಡ್ಡ ಡ್ರಮ್ಮಿನ ಮುಂದಿಡಲಿಕ್ಕೂ ಅದು ಹೇಳಿ ಮಾಡಿಸಿದ್ದು. ಮೈಕು ಕಮ್ಮಿ ಬಿದ್ದಾಗ ಸುದ್ದಿ ಓದುವ ಮೇಜಿನಿಂದ ಕಿತ್ತು ತಂದರೆ ಆಯಿತು.

ಕೋಣೆ ಚಿಕ್ಕದು. ಆಂಪ್‌ಗಳನ್ನು ಕ್ಲಬ್ಬಿನಷ್ಟು ಜೋರು ಇಡಲಿಕ್ಕೆ ಆಗುವುದಿಲ್ಲ. ಗಿಟಾರಿನ ಕರ್ಕಶ ತಗ್ಗುತ್ತದೆ, ತಂತಿಯ ಮೇಲೆ ಕೈ ಬೀಳುವ ಪೆಟ್ಟು ಸ್ಪಷ್ಟವಾಗುತ್ತದೆ. ಗಾಳಿಗೆ ಹೋಗುವ ಮುಂಚೆ ಸದ್ದಿನ ಏರಿಳಿತ ತಗ್ಗಿಸುವ ಲಿಮಿಟರ್ ಅನ್ನೋ ಯಂತ್ರ ಬೇರೆ ಇರುತ್ತದೆ. ಪ್ರಸಾರದ ಮಟ್ಟ ಮಿತಿ ಮೀರದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಹಾರ್ಡ್‌ಕೋರ್‌ನಂಥ ಒಂದೇ ಸಮನೆ ಜೋರಾದ ಸಂಗೀತ ಅದರೊಳಗೆ ಹೋದರೆ ಎಲ್ಲ ವಾದ್ಯವೂ ಹಿಂಡಿಕೊಂಡು ಮುಖಕ್ಕೇ ಬಡಿದ ಹಾಗೆ ಬರುತ್ತದೆ. ನೀವು ಖಡಕ್ ಅಂದದ್ದು ಇದನ್ನೇ.

ಆಲ್ಬಂ ಯಾಕೆ ಸಪ್ಪೆ? ಅಲ್ಲಿ ಬ್ಯಾಂಡಿನ ಹತ್ತಿರ ದುಡ್ಡು ಕಮ್ಮಿ, ಸ್ಟುಡಿಯೋದ ಇಂಜಿನಿಯರಿಗೆ ಈ ಸಂಗೀತ ಹೊಸದು. ಡ್ರಮ್ಮನ್ನು ಒಂದು ದಿನ, ಹಾಡನ್ನು ಇನ್ನೊಂದು ದಿನ ಅಂತ ಬಿಡಿಬಿಡಿಯಾಗಿ ಕಟ್ಟುತ್ತಿದ್ದರು, ಮೇಲೆ ಒಂದಿಷ್ಟು ಎಕೋ ಸುರಿಯುತ್ತಿದ್ದರು. ರೇಡಿಯೋದಲ್ಲಿ ಮಿಕ್ಸ್ ಮಾಡುತ್ತಿದ್ದವರು ವಿದ್ಯಾರ್ಥಿಗಳು. ಅವರಲ್ಲಿ ಎಷ್ಟೋ ಜನ ಭಾನುವಾರ ಅದೇ ಬ್ಯಾಂಡಿನ ಮುಂದೆ ನಿಂತು ಕುಣಿದವರು. ಎಕೋ ಸುರಿಯಲಿಕ್ಕೆ ಅವರಿಗೆ ಹೊತ್ತೂ ಇರಲಿಲ್ಲ, ಸಲಕರಣೆಯೂ ಇರಲಿಲ್ಲ. ತಪ್ಪಾದರೆ ಮತ್ತೆ ಬಾರಿಸುವ ಪ್ರಶ್ನೆಯೇ ಇಲ್ಲ. ನನಗಂತೂ ಈ ಬ್ಯಾಂಡುಗಳಲ್ಲಿ ಅರ್ಧಕ್ಕರ್ಧ ತಮ್ಮ ಅತ್ಯುತ್ತಮ ರೂಪದಲ್ಲಿ ಸಿಗುವುದು ಇಂಥ ಇಪ್ಪತ್ತು ನಿಮಿಷದ ರೇಡಿಯೋ ಟೇಪುಗಳಲ್ಲೇ. ಇದು ನನ್ನ ರುಚಿ, ಜಗಳ ಆಡುವವರು ಆಡಬಹುದು.

ಬ್ಯಾಂಡುಗಳಿಗೂ ಈ ಟೇಪು ಬೇಕಿತ್ತು. ಸ್ಟುಡಿಯೋಗೆ ಗಂಟೆಯ ಲೆಕ್ಕದಲ್ಲಿ ದುಡ್ಡು, ಇಲ್ಲಿ ಪುಕ್ಕಟೆ. ರೇಡಿಯೋದಲ್ಲಿ ಬಾರಿಸಿದ್ದರ ಕಾಪಿಯನ್ನೇ ಡೆಮೊ, ಅಂದರೆ ಮಾದರಿ, ಅಂತ ಬೇರೆ ಊರಿನ ಕ್ಲಬ್ಬುಗಳಿಗೆ ಕಳಿಸುತ್ತಿದ್ದರು. ಒಂದೊಂದು ಸಲ ಬ್ಯಾಂಡಿನ ಉಳಿಕೆಯೇ ಇಷ್ಟಾಗಿರುತ್ತದೆ. ಕ್ಯಾಲಿಫೋರ್ನಿಯಾದ ಮಿನಿಟ್‌ಮೆನ್ ಬ್ಯಾಂಡು ಯಾವ ಹಾಡುಗಳ ಲೈವ್ ಬೇಕು ಅಂತ ಕೇಳುಗರಿಗೇ ಮತಪತ್ರ ಹಂಚಿತ್ತು. ಲೈವ್ ಆಲ್ಬಂ ಮಾಡುವ ಮುಂಚೆ, 1985ರ ಡಿಸೆಂಬರ್‌ನಲ್ಲಿ, ಹಾಡುಗಾರ ಡಿ. ಬೂನ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಉಳಿದ ಇಬ್ಬರು ರೇಡಿಯೋ ಟೇಪು, ಸೌಂಡ್‌ಬೋರ್ಡ್ ಟೇಪು, ಅಭಿಮಾನಿಗಳು ಹಿಡಿದಿದ್ದ ಕ್ಯಾಸೆಟ್ಟು ಎಲ್ಲ ಗುಡ್ಡೆ ಹಾಕಿ, ಮತ ಎಣಿಸಿದ ಲೆಕ್ಕದಲ್ಲೇ 1987ರಲ್ಲಿ ಆಲ್ಬಂ ತಂದರು. ನಿಮ್ಮ ಚಿಕ್ಕಪ್ಪನ ರೂಮ್‌ಮೇಟ್‌ನಂಥ ಹುಡುಗರು ಕ್ಯಾಸೆಟ್ ಜೋಪಾನ ಮಾಡಿದ್ದಕ್ಕೆ ಅದು ಸಾಧ್ಯವಾಯಿತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಅದು ಎಷ್ಟನೇ ಕಾಪಿ? ಇದಕ್ಕೆ ಕ್ಯಾಸೆಟ್ಟೇ ಉತ್ತರ ಹೇಳುತ್ತದೆ, ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ. ಮೊದಲು ಒಳ್ಳೇ ಕ್ಯಾಸೆಟ್ ಡೆಕ್ಕಿನಲ್ಲಿ ಹಾಕಿ ಕಂಪ್ಯೂಟರಿಗೆ ಇಳಿಸಿ. ಡೆಕ್ಕಿನ ರಬ್ಬರ್ ಬೆಲ್ಟು ಅಂಟಂಟಾಗಿದ್ದರೆ ಬದಲಿಸಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿದರೆ ಸಿಗಬಹುದು. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ಮೊದಲು ತಿಳಿದವರ ಹತ್ತಿರ ಸ್ವಚ್ಛ ಮಾಡಿಸಿ. ಹಳೇ ರೀಲು ಟೇಪನ್ನು ಒಲೆಯಲ್ಲಿ ಬೆಚ್ಚಗೆ ಮಾಡುತ್ತಾರೆ ಅಂತ ಎಲ್ಲಾದರೂ ಓದಿದ್ದರೆ ಮರೆತುಬಿಡಿ. ಅದು ಕೆಲವು ಬಗೆಯ ರೀಲುಗಳಿಗೆ ಮಾಡುವ ಚಿಕಿತ್ಸೆ, ಕ್ಯಾಸೆಟ್ಟಿಗಲ್ಲ.

ಇಳಿಸುವ ಮುಂಚೆ, ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡಿನ ಕೋನ ಸರಿಮಾಡಿ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಧ್ವನಿಯನ್ನು ಮೊನೊ ಮಾಡಿಕೊಂಡು, ಅಯಸ್ಕಾಂತ ಗುಣವಿಲ್ಲದ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸುತ್ತಾ ಸಿಂಬಲ್, ಅಂದರೆ ಡ್ರಮ್ಮಿನ ಜೊತೆಗಿರುವ ಲೋಹದ ತಟ್ಟೆಯ ಸದ್ದಿಗೆ ಕಿವಿ ಕೊಡಿ. ಒಂದು ಕಡೆ ಮಂಕು, ಇನ್ನೊಂದು ಕಡೆ ಮಂಕು, ನಡುವೆ ಒಂದೇ ಜಾಗದಲ್ಲಿ ಸಿಂಬಲ್ ಚಿಮ್ಮುತ್ತದೆ. ಅಲ್ಲಿ ನಿಲ್ಲಿಸಿ. ಆ ಟೇಪನ್ನು ತುಂಬಿಸಿದ ಡೆಕ್ಕಿನ ಹೆಡ್ಡು ಇದ್ದದ್ದು ಆ ಕೋನದಲ್ಲಿ. ಎಲ್ಲೂ ಚಿಮ್ಮದಿದ್ದರೆ ಅದಕ್ಕೂ ಹಿಂದಿನ ಕಾಪಿಯಲ್ಲೇ ಸಿಂಬಲ್ ಸತ್ತಿದೆ ಅಂತ ಅರ್ಥ.

ಆಮೇಲೆ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರೋಗ್ರಾಂ, ಅಂದರೆ ಧ್ವನಿಯಲ್ಲಿ ಯಾವ ಯಾವ ಕಂಪನಾಂಕ ಇದೆ ಅಂತ ತೋರಿಸುವ ಚಿತ್ರ, ತೆರೆಯಿರಿ. ಪುಕ್ಕಟೆ ಸಿಗುವ ಆಡಾಸಿಟಿಯಲ್ಲೂ ಆಗುತ್ತದೆ. ಸ್ಟೀರಿಯೋ ಎಫ್‌ಎಂನಲ್ಲಿ ಸಂಗೀತ 15 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, 19 ಕಿಲೋಹರ್ಟ್ಸ್‌ನಲ್ಲಿ ಪೈಲಟ್ ಅನ್ನೋ ಒಂದು ಸಂಕೇತ ಸದಾ ಓಡುತ್ತಿರುತ್ತದೆ. 15ರ ಹತ್ತಿರ ಕತ್ತಿಯಲ್ಲಿ ಕತ್ತರಿಸಿದಂತೆ ಧ್ವನಿ ನಿಂತಿದ್ದರೆ ಇದು ರೇಡಿಯೋ ಸೆಟ್ಟಿನಿಂದ ಹಿಡಿದದ್ದು. ಮೇಲೆ 19ರಲ್ಲಿ ತೆಳ್ಳನೆಯ ಗೆರೆ ಕಂಡರೆ ಇನ್ನೂ ಖಚಿತ. ಆದರೆ ಗೆರೆ ಕಾಣಲಿಲ್ಲ ಅಂತ ಬೇಸರ ಬೇಡ, ಎಷ್ಟೋ ಡೆಕ್ಕುಗಳಲ್ಲಿ ಅದನ್ನು ಸೋಸುವ ಫಿಲ್ಟರ್ ಇರುತ್ತಿತ್ತು. ಕತ್ತರಿಸಿದಂತಿಲ್ಲದೆ ಇಳಿಜಾರಿನಂತೆ ನಿಧಾನ ಕರಗುತ್ತಾ 16, 17 ದಾಟಿ ಹೋದರೆ, ಕೇಂದ್ರದ ಮಿಕ್ಸರಿನಿಂದಲೇ ಬಂದ ಟೇಪಿನ ಕಾಪಿ ಇರಬಹುದು. ಅದು ಅಪರೂಪ. ಇಂಟರ್ನೆಟ್ಟಿನಲ್ಲಿ ಸಿಗುವ ಫೈಲಿನ ಜೊತೆ ಹೋಲಿಸುವಾಗ ಒಂದು ಎಚ್ಚರಿಕೆ. ಅದರಲ್ಲಿ ಸರಿಯಾಗಿ 16 ಕಿಲೋಹರ್ಟ್ಸ್‌ಗೆ ಗೋಡೆ ಕಂಡರೆ ಅದು ಎಫ್‌ಎಂನ ಗುರುತಲ್ಲ. ಕಮ್ಮಿ ಗುಣಮಟ್ಟದ ಎಂಪಿ3 ಮಾಡಿದಾಗ ಬೀಳುವ ಕತ್ತರಿ ಅದು.

ಕೆಳಗಿನ ತುದಿಯಲ್ಲಿ ಇನ್ನೂ ಮಜಾ ಇದೆ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಆಂಪ್‌ಗಳ 'ಗುಂಯ್' ಸದ್ದು ಟೇಪಿನಲ್ಲಿ ಸದಾ ಇರುತ್ತದೆ. ಹಾಡುಗಳ ನಡುವಿನ ಮೌನ ಹುಡುಕಿ, ಅಲ್ಲಿ 60ರ ಸುತ್ತ ಗೆರೆ ಎಲ್ಲಿದೆ ಅಳೆಯಿರಿ. 60ರಲ್ಲೇ ಇದ್ದರೆ ವೇಗ ಸರಿಯಿದೆ. 58.8ರಲ್ಲಿದ್ದರೆ ಟೇಪು ಶೇಕಡ 2ರಷ್ಟು ನಿಧಾನ ಓಡುತ್ತಿದೆ, ವೇಗವನ್ನು ಅಷ್ಟು ಹೆಚ್ಚಿಸಿದರೆ ಆ ಗುಂಯ್ ಹುಟ್ಟಿದ ಡೆಕ್ಕಿನ ವೇಗಕ್ಕೆ ಬರುತ್ತೀರಿ. 60ರ ಸುತ್ತ ಎರಡು ಮೂರು ಗೆರೆ ಅಕ್ಕಪಕ್ಕ ಕಂಡರೆ ಪ್ರತಿ ಗೆರೆಯೂ ಒಂದೊಂದು ಡೆಕ್ಕಿನದು. ಬೇರೆ ಬೇರೆ ವೇಗದ ಡೆಕ್ಕುಗಳು ಒಂದರ ಮೇಲೊಂದು ತಮ್ಮ ಗುಂಯ್ ಸೇರಿಸಿವೆ. ಗೆರೆ ಎಣಿಸಿದರೆ ಕನಿಷ್ಠ ಎಷ್ಟು ಕೈ ದಾಟಿದೆ ಅಂತ ಅಂದಾಜು ಸಿಗುತ್ತದೆ. 50ರಲ್ಲಿ ಗೆರೆ ಕಂಡು ಗಾಬರಿಯಾಗಬೇಡಿ, ಅದು ನಿಮ್ಮ ಮೈಸೂರಿನ ಮನೆಯ ಕರೆಂಟು.

ತಾರೀಖಿಗೆ ಯಂತ್ರ ಬೇಡ, ಮಾತು ಕೇಳಿ. ಅಲ್ಲಿನ ಕೇಂದ್ರಗಳು ಗಂಟೆಗೊಮ್ಮೆ ತಮ್ಮ ಅಕ್ಷರ ಮತ್ತು ಊರಿನ ಹೆಸರು ಹೇಳಲೇಬೇಕು, ಅದು ಕಾನೂನು. ಸಾಮಾನ್ಯವಾಗಿ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಡಬ್ಲ್ಯು, ಪಶ್ಚಿಮಕ್ಕೆ ಕೆ. ಬಿ ಬದಿಯಲ್ಲಿ ಬೇರೆ ಕೇಂದ್ರದ ಹೆಸರು ಬಂದರೂ ಆಶ್ಚರ್ಯ ಇಲ್ಲ, ಖಾಲಿ ಜಾಗ ಬಿಡುವ ಜಾತಿ ಅಲ್ಲ ಅವರು. ಎಲ್ಲಕ್ಕಿಂತ ಮುಖ್ಯ, ಆರ್‌ಜೆ ಓದುವ ಮುಂದಿನ ವಾರದ ಕಾರ್ಯಕ್ರಮಗಳ ಪಟ್ಟಿ. "ಈ ಭಾನುವಾರ ಸಿಬಿಜಿಬಿಯಲ್ಲಿ ಇವರಿವರು" ಅಂದ ಒಂದೇ ಸಾಲು ಸಾಕು. ಆಗಿನ ಕಾರ್ಯಕ್ರಮಗಳ ಕರಪತ್ರಗಳನ್ನು ಜನ ತಾರೀಖಿನ ಸಮೇತ ಕೂಡಿಟ್ಟಿದ್ದಾರೆ, ತಾಳೆ ಹಾಕಿದರೆ ಪ್ರಸಾರದ ವಾರವೇ ಸಿಕ್ಕಿಬಿಡುತ್ತದೆ.

ಅದಕ್ಕೇ ಒಂದು ಕೋರಿಕೆ. ಡಿಜಿಟಲ್ ಮಾಡುವಾಗ ಹಾಡುಗಳನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡು ಮಾತನ್ನು ಎಸೆಯಬೇಡಿ. ತುಂಬ ಜನ ಹೀಗೇ ಮಾಡಿ ಹಾಳು ಮಾಡಿದ್ದಾರೆ. ಹಾಡುಗಳ ಇನ್ನೊಂದು ಕಾಪಿ ಎಲ್ಲಾದರೂ ಸಿಕ್ಕೀತು. ಯಾರು ಫೋನ್ ಮಾಡಿದರು, ಯಾವ ಊರಲ್ಲಿ ಹೊಸ ಜಾಗ ಶುರುವಾಯಿತು, ಯಾವ ಬ್ಯಾಂಡಿನ ಮೇಲೆ ಯಾರಿಗೆ ಸಿಟ್ಟು ಅನ್ನೋದು ಆಲ್ಬಂನಲ್ಲಿ ಇರುವುದಿಲ್ಲ. ಹಿಸ್ಸ್ ಸದ್ದು ತೆಗೆಯುವ ಸಾಫ್ಟ್‌ವೇರ್ ಕೂಡ ಮೂಲ ಫೈಲಿನ ಮೇಲೆ ಓಡಿಸಬೇಡಿ. 24 ಬಿಟ್ ವೇವ್ ಫೈಲೊಂದನ್ನು ಇದ್ದದ್ದು ಇದ್ದ ಹಾಗೆ ಇಟ್ಟು, ಆಟವೆಲ್ಲ ಅದರ ಕಾಪಿಯ ಮೇಲೆ ಆಡಿ.

ಇಂಟರ್ನೆಟ್ಟಿಗೆ ಹಾಕುವ ವಿಚಾರ. ಕ್ಯಾಸೆಟ್ ನಿಮ್ಮದು, ಹಾಡು ನಿಮ್ಮದಲ್ಲ. ಲೈವ್ ಹಾಡನ್ನು ಹಾಡಿದವರ ಒಪ್ಪಿಗೆ ಇಲ್ಲದೆ ಹಂಚುವುದರ ವಿರುದ್ಧ ಅಮೆರಿಕದಲ್ಲಿ 1994ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ಈ ವಲಯದ ಬ್ಯಾಂಡುಗಳು ಸಾಮಾನ್ಯವಾಗಿ ಪುಕ್ಕಟೆ ಹಂಚಿಕೆಗೆ ತಲೆಕೆಡಿಸಿಕೊಳ್ಳುವುದಿಲ್ಲ, ದುಡ್ಡಿಗೆ ಮಾರಿದರೆ ಸುಮ್ನೆ ಬಿಡುವುದಿಲ್ಲ. ಫುಗಾಜಿ ಬ್ಯಾಂಡಿನ ದಾರಿ ನೋಡಿ. ಸಾವಿರಕ್ಕೂ ಜಾಸ್ತಿ ಕಾರ್ಯಕ್ರಮ ಕೊಟ್ಟವರು, ಅವುಗಳಲ್ಲಿ ಬಹುಪಾಲನ್ನು ಅವರ ಸೌಂಡ್ ನೋಡಿಕೊಳ್ಳುವವರೇ ಹಿಡಿದಿಟ್ಟಿದ್ದರು. 2011ರಿಂದ ಅವನ್ನೆಲ್ಲ ತಾವೇ ಒಂದೊಂದಾಗಿ ಬಿಟ್ಟರು. ಸೂಚಿಸಿದ ಬೆಲೆ 5 ಡಾಲರ್, ಆಗದಿದ್ದರೆ 1 ಡಾಲರ್ ಕೊಟ್ಟರೂ ಸರಿ.

ಮೊದಲು ಕ್ಯಾಸೆಟ್ಟಿನಲ್ಲಿರುವ ಬ್ಯಾಂಡು ಯಾವುದು ಅಂತ ಗುರುತಿಸಿ. ಅವರಲ್ಲಿ ಯಾರಾದರೂ ಸಿಕ್ಕರೆ ಅವರಿಗೊಂದು ಕಾಪಿ ಕಳಿಸಿ ಕೇಳಿ. ಎಷ್ಟೋ ಸಲ ಬ್ಯಾಂಡಿನವರ ಹತ್ತಿರವೇ ಇಂಥ ರೆಕಾರ್ಡಿಂಗ್ ಇರುವುದಿಲ್ಲ. ಇನ್ನೊಂದು ಕಾಪಿ ಕೇಂದ್ರಕ್ಕೆ. ಕಾಲೇಜು ರೇಡಿಯೋದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಜನವೇ ಬದಲಾಗುತ್ತಾರೆ, ಕಪಾಟು ಖಾಲಿ ಮಾಡುವಾಗ ಹಳೇ ಟೇಪು ಕಸಕ್ಕೆ ಹೋಗುತ್ತದೆ, ಇಲ್ಲವೇ ಅದರ ಮೇಲೇ ಬೇರೆ ರೆಕಾರ್ಡ್ ಆಗುತ್ತದೆ. ಈಚೆಗೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ಮೇರಿಲ್ಯಾಂಡ್ ಯೂನಿವರ್ಸಿಟಿಯ ಗ್ರಂಥಾಲಯ ತನ್ನ ಡಬ್ಲ್ಯುಎಂಯುಸಿ ಕೇಂದ್ರದ ಹಳೇ ಟೇಪುಗಳನ್ನು ಕಾಪಾಡಿ 2013ರಲ್ಲಿ ಪ್ರದರ್ಶನವನ್ನೇ ಇಟ್ಟಿತ್ತು. ವಾಷಿಂಗ್ಟನ್ನಿನ ಸಾರ್ವಜನಿಕ ಗ್ರಂಥಾಲಯದಲ್ಲಿ 2014ರಿಂದ ಪಂಕ್‌ಗೆಂದೇ ಒಂದು ಸಂಗ್ರಹ ಇದೆ.

ಫೈಲಿನ ಜೊತೆ ಲೇಬಲ್ಲಿನ ಎರಡೂ ಬದಿಯ ಫೋಟೋ ಇಡಿ. ಚಿಕ್ಕಪ್ಪ ಆಗ ಯಾವ ಬೀದಿಯಲ್ಲಿದ್ದರು, ರೂಮ್‌ಮೇಟ್ ಯಾವ ಊರಿನವನು ಅನ್ನೋದನ್ನು ಅವರಿಗೆ ನೆನಪಿರುವಾಗಲೇ ಕೇಳಿ ಬರೆದುಕೊಳ್ಳಿ. ಅವನು ನ್ಯೂಯಾರ್ಕ್ ಕಡೆಯವನು, ರಜೆಗೆ ಊರಿಗೆ ಹೋಗಿ ಬರುತ್ತಿದ್ದ ಅಂತೇನಾದರೂ ಗೊತ್ತಾದರೆ ನನ್ನ ಅಂಚೆಯ ಅಂದಾಜು ಬಿಟ್ಟುಬಿಡಿ. ಆಗ ಅದು ಅವನೇ ರೇಡಿಯೋ ಮುಂದೆ ಕೂತು ಹಿಡಿದ ಮೊದಲ ಟೇಪೇ ಆಗಿರಬಹುದು.